ಅವ್ವನ ಮಗ್ಗಕ್ಕೊಂದು ಮನೆ

ಮೊನ್ನೆ ಕೆಂಡದಂಥ ಮಧ್ಯಾಹ್ನ ಕರೆಂಟ್ ಬಿಲ್ಲು ಕೊಡಲು ಬಂದಾತ ನಮ್ಮ ಪಡಸಾಲೆಗೆ ಕಾಲಿಟ್ಟವನೇ ಗಕ್ಕನೆ ನಿಂತ. ಗೋಡೆ ನೋಡಿದ, ಮೇಲೆ ನೋಡಿದ.

“ಅಕ್ಕಾರ, ಏಸಿ ಎಲ್ಲಿ ಕೂಡ್ಸೀರಿ?”

“ನೀನ ಹುಡುಕಪಾ” ಎಂದೆ. ಹುಡುಕಿದ, ಸಿಗಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ಕೂತು ಒಂದು ತಂಬಿಗೆ ನೀರು ಕುಡಿದು, ಏಳಲು ಮನಸ್ಸಿಲ್ಲದೆ ಎದ್ದು ಹೋದ. ನಾನು ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿದೆ. ಜಂಬ ಎನ್ನಿ ಬೇಕಾದರೆ. ಆದರೆ ಇದು ಪುಕ್ಕಟೆ ಬಂದ ಜಂಬವಲ್ಲ, ಕೇಳಿ.

ನಮ್ಮದು ಇಳಕಲ್ಲು. ಇಲ್ಲಿ ಮನೆ ಕಟ್ಟಿದವರು ಮುಖ ಕಾಣುವಂಥ ಗ್ರಾನೈಟ್ ಹಾಸದಿದ್ದರೆ ಬೀಗರು ಮೂಗು ಮುರಿಯುತ್ತಾರೆ. ನಮ್ಮ ಹಳೆಯ ಮಣ್ಣಿನ ಮಾಳಿಗೆಯ ಮನೆ ಕಾಕಂದಿರ ಪಾಲಿಗೆ ಹೋಗಿ, ನಾನು ಹೊಸದು ಕಟ್ಟಿಸಲು ಹೊರಟಾಗ ಅವ್ವ ಕೇಳಿದ್ದು ಒಂದೇ ಮಾತು.

“ಹೊಸ ಮನ್ಯಾಗ ನನ್ನ ಮಗ್ಗ ನಡೀಬೇಕು ನೋಡವ್ವ. ನಡಿಯಂಗಿಲ್ಲಂದ್ರ ಈಗ ಹೇಳಿಬಿಡು. ನಾ ಇನ್ನೊಬ್ಬರ ಮನ್ಯಾಗ ಕೂಲಿ ನೇಯ್ಕೋತ ಇರ್ತೇನಿ.”

ಅವ್ವನದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ನೆಲದ ತಂಪು ಬೇಕು, ಇಲ್ಲವಾದರೆ ರೇಷ್ಮೆ ಎಳೆ ಒಣಗಿ ಪಟಪಟ ಹರಿಯುತ್ತದೆ. ಅವ್ವನ ಅಣ್ಣ, ನನ್ನ ಸೋದರಮಾವ, ಸ್ಲ್ಯಾಬಿನ ಮನೆ ಕಟ್ಟಿಸಿದ ಮೇಲೆ ಅತ್ತೆ ನೇಯುವುದಕ್ಕಿಂತ ಹರಿದ ಎಳೆಗೆ ಗಂಟು ಹಾಕಿದ್ದೇ ಹೆಚ್ಚು. ಕಡೆಗೆ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದಳು. ಅವ್ವ ಅದನ್ನು ಕಣ್ಣಾರೆ ಕಂಡಿದ್ದಳು.

ನಾನು ಹುನಗುಂದದಲ್ಲಿ ಮಾಸ್ತರಿಕೆ ಮಾಡುವವಳು, ಹಟಕ್ಕೆ ಬಿದ್ದೆ. ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯವರು ದಾರಿ ಬದಿಗೆ ಸುರಿದ ತುಂಡುಗಲ್ಲುಗಳನ್ನು ತರಿಸಿ ಮಣ್ಣು-ಸುಣ್ಣದಲ್ಲಿ ದಪ್ಪ ಗೋಡೆ ಎಬ್ಬಿಸಿದೆ. ತೊಲೆಗಳು ಬಾಗಲಕೋಟೆಯ ಕಡೆ ಬಿಚ್ಚಿದ ಹಳೆ ಮನೆಗಳವು. ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಸುಣ್ಣದ ಗಚ್ಚು. ನಮ್ಮ ಗೌಂಡಿಗಂತೂ ಮಾನ ಹೋದಂತಾಗಿತ್ತು. “ಅಕ್ಕಾರ, ಕೈ ಮುಗೀತೇನ್ರಿ, ಈ ಮನಿ ನಾ ಕಟ್ಟೇನಿ ಅಂತ ಯಾರ ಮುಂದೂ ಹೇಳಬ್ಯಾಡ್ರಿ” ಎನ್ನುತ್ತಿದ್ದ. ಮಾವನದು ಬೇರೆ ರಾಗ. “ಮಂದಿ ಮಣ್ಣಿನ ಮನಿ ಕೆಡವಾಕತ್ತಾರ, ನೀ ಪಗಾರೆಲ್ಲಾ ಒಯ್ದು ಮಣ್ಣಾಗ ಹಾಕಾಕತ್ತಿ! ಸಾಲಿ ಕಲ್ತು ಇದನ್ನ ಕಲ್ತಿ ಏನ?”

ಒಂದು ಸಂಜೆ ಶಾಲೆ ಬಿಟ್ಟು ಬಂದು ನೋಡುತ್ತೇನೆ, ಮಗ್ಗದ ಕೋಣೆಯ ನೆಲ ಫಳಫಳ! ಮಣ್ಣಿನ ನೆಲ ಬಿಡಬೇಕೆಂದಿದ್ದ ಕಡೆ ಮಾವ ಗೌಂಡಿಯನ್ನು ಒಲಿಸಿಕೊಂಡು ಗ್ರಾನೈಟ್ ಹಾಸಿಸಿಬಿಟ್ಟಿದ್ದ. “ನನ್ನ ತಂಗಿಗೆ ತವರಿನ ಮುಯ್ಯಿ” ಎಂದು ಎದೆ ಉಬ್ಬಿಸಿ ನಿಂತಿದ್ದ. ಸಿಟ್ಟು ನೆತ್ತಿಗೇರಿತು, ಆದರೆ ಬೈಯುವಂತಿರಲಿಲ್ಲ. ಮುಯ್ಯಿ ಅಂದರೆ ತವರಿನ ಉಡುಗೊರೆ; ಅದನ್ನು ಒಲ್ಲೆ ಅಂದರೆ ತವರೇ ಒಲ್ಲೆ ಅಂದಂತೆ, ನಮ್ಮಲ್ಲಿ.

“ಅಣ್ಣ, ಕುಣಿ ಎಲ್ಲಿ ತೋಡ್ಲಿ?” ಎಂದಳು ಅವ್ವ.

“ಎಷ್ಟು ವರ್ಷಂತ ಕುಣ್ಯಾಗ ಕುಂದರ್ತಿ? ಮಗಳು ದುಡೀತಾಳ, ಆರಾಮ ಇರು.”

ಅವ್ವನ ಕಣ್ಣು ತುಂಬಿದವು. ಇನ್ನೇನು, ಸೋತಳು ಅಂದುಕೊಂಡೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಬಗ್ಗಿ ಆ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

“ನಿನ್ನ ಮುಯ್ಯಿ ಉಡ್ಯಾಗ ಹಾಕ್ಕೊಂಡೆ, ಅಣ್ಣ. ಈಗ ಇದು ನಂದು. ನಂದಾದ ಮ್ಯಾಲ ಎಲ್ಲಿ ಇಡಬೇಕನ್ನೋದು ನನಗ ಬಿಡು.” ಆಮೇಲೆ ಗೌಂಡಿಯ ಕಡೆ ತಿರುಗಿ, “ತಮ್ಮಾ, ಇದನ್ನ ಕಿತ್ತು ಹೊರಗಿನ ಕಟ್ಟಿ ಮ್ಯಾಲ ಹಾಸು. ಹೋಗೋರು ಬರೋರು ನನ್ನ ತವರ ನೋಡ್ಲಿ” ಎಂದಳು.

ಮಾವ ಚಪ್ಪಲಿ ಮೆಟ್ಟಿಕೊಂಡು ನಡೆದೇಬಿಟ್ಟ. ಆಮೇಲೆ ನಮ್ಮ ಹೊಸ್ತಿಲು ತುಳಿಯಲಿಲ್ಲ, ಮನೆಶಾಂತಿಗೂ ಬರಲಿಲ್ಲ. ಅವ್ವ ಮೊದಲ ಬೇಸಿಗೆಯಲ್ಲೇ ಆ ಮಣ್ಣಿನ ಕೋಣೆಯಲ್ಲಿ ಕೂತು, ಎಳೆ ಹರಿಯದ ಹಾಗೆ ಇಡೀ ಸೀರೆ ನೇಯ್ದು ಇಳಿಸಿದಳು. ಅದನ್ನು ನನಗೆ ಉಡಿಸಿ ನೋಡಿದಳು. ನಕ್ಕಳು, ಆದರೆ ಅಣ್ಣ ಬರಲಿಲ್ಲವಲ್ಲ ಎಂಬ ನೋವು ಅವಳ ಮುಖದಿಂದ ಹೋಗಿರಲಿಲ್ಲ.

ಮೊನ್ನೆ ಬಿಲ್ಲಿನವನು ಹೋದ ಮೇಲೆ, ಹೊತ್ತು ಇಳಿಯುವಾಗ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಅವಳ ಹಿಂದೆ ಬಿಚ್ಚಿದ ಮಗ್ಗದ ಕಟ್ಟಿಗೆ ಹೊತ್ತುಕೊಂಡು ಮಾವ. ಮುಖ ಎತ್ತಲೊಲ್ಲ.

“ನಿಮ್ಮ ವೈನಿ ಕೈ ಸುಮ್ಮನ ಇರಂಗಿಲ್ಲವ್ವ” ಎಂದ ತಂಗಿಗೆ. “ನಮ್ಮ ಮನ್ಯಾಗ ಎಳಿ ತಡಿಯಂಗಿಲ್ಲ. ಇಲ್ಲೊಂದು ಕುಣಿಗೆ ಜಾಗಾ ಕೊಡ್ತಿ ಏನ?”

ಚುಚ್ಚಲು ನನ್ನ ನಾಲಿಗೆ ತುದಿಯಲ್ಲಿ ಹತ್ತು ಮಾತು ಕುಣಿದವು. ಅವ್ವ ಕಣ್ಣಲ್ಲೇ ಗದರಿಸಿದಳು. ಅತ್ತೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ತನ್ನ ಮಗ್ಗದ ಪಕ್ಕದಲ್ಲೇ ಕಾಲಿನಿಂದ ಗೆರೆ ಎಳೆದಳು.

“ಗುದ್ದಲಿ ಹಿತ್ತಲದಾಗ ಐತಿ, ಅಣ್ಣ. ನೀನ ಅಗಿ.”

ಮನೆ ಕಟ್ಟಿಸಿದವಳು ನಾನೆಂದು ಇಷ್ಟು ದಿನ ಮೆರೆದದ್ದಾಯಿತು. ಇನ್ನು ಯಾರಾದರೂ ಕೇಳಿದರೆ ಅವ್ವನ ಹೆಸರು ಹೇಳುತ್ತೇನೆ. ಮಾವ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ನಮ್ಮ ಮಣ್ಣಿನ ನೆಲಕ್ಕೆ ಮೊದಲ ಏಟು ಹಾಕಿದ.