ನಡುಗೋಡೆಯಾಚೆಯ ಖಾಲಾ

ಸೂಜಿ ತಳ್ಳಿ ತಳ್ಳಿ ಅವಳ ಬಲಗೈ ಹೆಬ್ಬೆರಳ ತುದಿ ಚಪ್ಪಟೆಯಾಗಿತ್ತು. ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಅವಳು ಹಳೆ ಸೀರೆಯ ತುಂಡು ಜೋಡಿಸಿ ಹೊಲಿದ ಕೌದಿಯಿಲ್ಲದ ಮನೆಯಿರಲಿಲ್ಲ. ನಮಗೆ ಪಕ್ಕದ ಮನೆಯವಳು, ಓಣಿಯ ಮಕ್ಕಳಿಗೆಲ್ಲ ಖಾಲಾ, ಅಂದರೆ ಚಿಕ್ಕವ್ವ. ಗಂಡ ತೀರಿದ ಮೇಲೆ ಆ ಸೂಜಿಯಿಂದಲೇ ಮಗನನ್ನೂ ಮಗಳನ್ನೂ ಸಾಕಿದಳು. ಕೌದಿಯ ಮೂಲೆ ಮುಗಿಸುವಾಗ ಯಾರು ಕರೆದರೂ ಓಗೊಡುತ್ತಿರಲಿಲ್ಲ. "ಮೂಲಿ ಕೆಟ್ರ ಕೌದಿ ಕೆಟ್ಟಂಗವಾ," ಅನ್ನುತ್ತಿದ್ದಳು.

ಎರಡೂ ಮನೆಗಳ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ನಮ್ಮ ತೊಲೆಗಳೂ ಅವರ ತೊಲೆಗಳೂ ಅದರ ಮೇಲೆಯೇ ಕೂತಿದ್ದವು. ಅವಳ ಮಗಳು ನನ್ನ ವಾರಿಗೆಯವಳು. ನೀರಿಗೆ ಹೊರಡುವ ಹೊತ್ತಿಗೆ ನಾನು ಈಚೆಯಿಂದ ಕಲ್ಲಿನಲ್ಲಿ ಗೋಡೆ ಕುಟ್ಟಿದರೆ ಅವಳು ಆಚೆಯಿಂದ ಕುಟ್ಟುತ್ತಿದ್ದಳು.

ಒಂದು ಯುಗಾದಿಯ ಹೊತ್ತಿಗೆ ಖಾಲಾ ನಮ್ಮ ಬಾಗಿಲಿಗೆ ಬಂದು ಅಪ್ಪನಿಗೆ ಹೇಳಿದಳು: "ಮಾಸ್ತರ್ರ, ಹ್ವಾದ ಮಳಿಗಾಲದಾಗ ನಿಮ್ಮ ಮಾಳಿಗಿ ನೀರು ಗ್ವಾಡಿಯೊಳಗ ಇಳದೈತ್ರಿ. ಸರಿ ಮಾಡಸ್ರಿ."

"ಆತು ತಂಗಿ, ಸಾಲಿ ಸೂಟಿ ಬಿಡ್ಲಿ," ಅಂದ ಅಪ್ಪ. ಸೂಟಿ ಬಂತು, ಹೋಯಿತು.

ಶ್ರಾವಣದಲ್ಲಿ ಮಳೆ ಜಿಟಿಜಿಟಿ ಹಿಡಿದು ಬಿಡಲೇ ಇಲ್ಲ. ಒಂದು ಮುಂಜಾನೆ ಗೋಡೆ ಆಚೆಗೆ ಕುಸಿಯಿತು. ಅದರ ಬುಡದಲ್ಲಿ ಕೂತು ಖಾಲಾಳ ಮಗಳು ಒಲೆ ಹಚ್ಚುತ್ತಿದ್ದಳು. ಅಪ್ಪ ಬರಿಗೈಯಲ್ಲಿ ಮಣ್ಣು ಬಗೆದ. ಹೊರಗೆ ತೆಗೆದಾಗ ಹುಡುಗಿಯಲ್ಲಿ ಉಸಿರಿರಲಿಲ್ಲ.

ಮಾಸ್ತರ ಮೇಲೆ ಪೊಲೀಸರಿಗೆ ದೂರು ಕೊಡು ಎಂದವರು ಓಣಿಯಲ್ಲಿದ್ದರು. "ಗ್ವಾಡಿ ಇಬ್ಬರದೂ ಐತಿ," ಅಂದಳು ಖಾಲಾ. "ಒಮ್ಮೆ ಹೇಳಿ ನಾನೂ ಸುಮ್ಮನ ಕುಂತೆ."

ಮಳೆ ನಿಂತ ಮೇಲೆ ಅಪ್ಪ ತಲೆ ತಗ್ಗಿಸಿಕೊಂಡೇ ಅವಳ ಅಂಗಳಕ್ಕೆ ಹೋದ. "ನಡುವ ಸಂದ ಬಿಟ್ಟು ನಮ್ಮ ಗ್ವಾಡಿ ನಾವು ಬ್ಯಾರೆ ಕಟ್ಟಿಸ್ಕೋತೀವಿ ತಂಗಿ. ನಿನಗ ನಮ್ಮ ಗೊಡವಿ ಬ್ಯಾಡ."

"ಸಂದ ಬಿಟ್ರ ಅಲ್ಲೂ ನೀರ ನಿಂದರ್ತೈತ್ರಿ. ಪಾಯ ಅರ್ಧ ನಿಮ್ಮ ಕಡಿ ತಗಸ್ರಿ, ಅರ್ಧ ನಮ್ಮ ಕಡಿ. ಈ ಸಲ ಕಲ್ಲಿಂದ ಕಟ್ಟೂಣು."

ಹಾಗೆಯೇ ಕಟ್ಟಿದರು. ಎರಡು ಮುಖಗಳು ಬಿಚ್ಚಿಕೊಳ್ಳದಂತೆ ಗೌಂಡಿ ಅಲ್ಲಲ್ಲಿ ಗೋಡೆಯ ಅಗಲಕ್ಕೂ ಹಾಯುವ ಉದ್ದನೆಯ ಕಲ್ಲು ಇಟ್ಟ. ಮಣ್ಣು ಕಲಸಲು ಖಾಲಾ ತಾನೇ ನೀರು ಹೊತ್ತಳು. ಅಪ್ಪ ಅವಳ ಎದುರು ನಿಂತು, "ತಂಗಿ, ನನ್ನಿಂದ..." ಎಂದು ಶುರು ಮಾಡಿದ.

"ಆ ಮಾತು ಆಡಬ್ಯಾಡ್ರಿ ಮಾಸ್ತರ್ರ. ನೀವು ಆಡಿದ್ರ ನಾನೂ ಏನಾರ ಅನ್ನಬೇಕಾಗ್ತೈತಿ. ಅನ್ನಾಕ ನನ್ನ ಹತ್ರ ಏನೂ ಇಲ್ಲ."

ಅಪ್ಪ ಮತ್ತೆಂದೂ ಆ ಮಾತು ಎತ್ತಲಿಲ್ಲ. ನೀರು ಇಳಿಯುವ ಜಾಗವನ್ನು ಮಾತ್ರ ಪ್ರತಿ ಮಳೆಗಾಲದುದ್ದಕ್ಕೂ ಮಾಳಿಗೆ ಹತ್ತಿ ಹತ್ತಿ ನೋಡುತ್ತಿದ್ದ.

ಹೊಸ ಗೋಡೆ ಎದ್ದ ಕೆಲವು ದಿನಗಳಿಗೆ, ರೂಢಿಯ ಬಲದಿಂದ, ನಾನು ಕಲ್ಲು ತೆಗೆದುಕೊಂಡು ಕುಟ್ಟಿಬಿಟ್ಟೆ. ಕುಟ್ಟಿದ ಮೇಲೆ ನೆನಪಾಗಿ ಕಲ್ಲು ಕೆಳಗಿಟ್ಟೆ. ಸ್ವಲ್ಪ ಹೊತ್ತಿಗೆ ಆಚೆಯಿಂದ ಸಣ್ಣಗೆ ಕುಟ್ಟಿದ ಸದ್ದು ಬಂತು. ಹೊರಗೆ ಬಂದರೆ ಖಾಲಾ ಕೊಡ ಹಿಡಿದು ನಿಂತಿದ್ದಳು. "ನಡಿಯವಾ, ನೀರಿಗೆ ಹೊತ್ತಾತು," ಅಂದಳು. ನನ್ನ ಮದುವೆಯಾಗುವವರೆಗೂ ನಾನು ನೀರಿಗೆ ಹೋದದ್ದು ಅವಳ ಜೊತೆಗೇ.

ನಾನು ಗದಗಿನಲ್ಲಿ ಸಂಸಾರ ಹೂಡಿದ್ದಾಗ, ಎಂಬತ್ತರ ದಶಕದ ಕೊನೆಯಲ್ಲಿ, ಖಾಲಾ ಕಾಮಾಲೆಯಿಂದ ಹಾಸಿಗೆ ಹಿಡಿದಳು. ಅವ್ವ ಹಗಲೆಲ್ಲ ಅವಳ ಬಳಿಯೇ ಕೂತು ಗಂಜಿ ಕುಡಿಸಿದಳಂತೆ. ತೀರಿಕೊಂಡ ಸುದ್ದಿ ತಿಳಿದು ನಾನು ಬರುವಷ್ಟರಲ್ಲಿ ಜನಾಜಾ ಹೊರಟುಹೋಗಿತ್ತು. ಮುಖ ನೋಡಲಾಗಲಿಲ್ಲ.

ಅಪ್ಪ ಖಬರಸ್ತಾನದವರೆಗೆ ನಡೆದಿದ್ದ. ಮಣ್ಣು ಕೊಟ್ಟು ಜನ ಚೆದುರಿದ ಮೇಲೆ ಖಾಲಾಳ ಮಗನ ಕೈ ಹಿಡಿದು, "ನಿಮ್ಮವ್ವ ಒಂದ್ ಸಲನಾದ್ರೂ ನನ್ನ ಬೈಬೇಕಿತ್ತಪಾ. ಇನ್ನ ಯಾರ ಬೈತಾರ?" ಅಂದನಂತೆ.

ಅವರು ಓಣಿಗೆ ತಿರುಗಿದಾಗ ನಾನು ಬಾಗಿಲಲ್ಲಿದ್ದೆ. ತಾಯಿಯನ್ನು ಮಣ್ಣು ಮಾಡಿ ಬಂದ ಆ ಮಗ, ಮಗುವಿನಂತೆ ಅಳುತ್ತಿದ್ದ ನನ್ನ ಅಪ್ಪನನ್ನು ನಡೆಸಿಕೊಂಡು ಬರುತ್ತಿದ್ದ.