ಪಕ್ಕದ ಸೀಟಿಗೊಂದು ರೂಪಾಂತರ

ನಾನು ಬರೆಯುವ ಮೇಜಿನ ಮೇಲೆ ನನ್ನ ಕಾಗದಗಳಿಗಿಂತ ಮನೆಯ ಹಪ್ಪಳ ಸಂಡಿಗೆಗಳೇ ಹೆಚ್ಚು ಕಾಲ ಹರಡಿಕೊಂಡಿವೆ. ಆದರೂ ಮೇಜು ಎಂದೊಡನೆ ನನಗೆ ನೆನಪಾಗುವುದು, ಅದರೊಳಗೆ ಒಬ್ಬ ಮನುಷ್ಯನನ್ನೇ ಬಚ್ಚಿಡಬಹುದೆಂದು ತೋರಿಸಿಕೊಟ್ಟ ಒಂದು ಇಂಗ್ಲಿಷ್ ಸಿನಿಮಾ. ಪತ್ರಿಕೆಯವರನ್ನು ಗೇಲಿ ಮಾಡುವ ಹಳೆಯದೊಂದು ನಾಟಕವಂತೆ, ಅಲ್ಲಿಯವರು ಅದನ್ನು ಮತ್ತೆ ಮತ್ತೆ ಸಿನಿಮಾ ಮಾಡಿದ್ದಾರೆ. ಒಂದರಲ್ಲಂತೂ ಸುದ್ದಿಗಾರನನ್ನೇ ಹೆಂಗಸಾಗಿಸಿ, ಸಂಪಾದಕನನ್ನು ಅವಳ ಹಳೆಯ ಗಂಡನನ್ನಾಗಿ ಮಾಡಿಬಿಟ್ಟಿದ್ದಾರಂತೆ. ಅಷ್ಟು ದೊಡ್ಡವರೇ ಅಷ್ಟು ಧೈರ್ಯ ಮಾಡಿರುವಾಗ, ನಾನು ಮಾಡಿದ ಸಣ್ಣದೊಂದು ರೂಪಾಂತರವನ್ನು ನೀವು ಕ್ಷಮಿಸಲೇಬೇಕು.

ಎಪ್ಪತ್ತರ ದಶಕದ ಮಾತು. ನಾನಾಗ ಕೃಷ್ಣರಾಜನಗರದಿಂದ ಮೈಸೂರಿನ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುತ್ತಿದ್ದೆ. ಚುಂಚನಕಟ್ಟೆಯ ನಾಲೆಗೆ ನೀರು ಬಿಟ್ಟರೂ ಸುದ್ದಿ, ಬಿಡದಿದ್ದರೂ ಸುದ್ದಿ. ಬರೆದದ್ದನ್ನು ಕವರಿಗೆ ಹಾಕಿ ಮಧ್ಯಾಹ್ನದ ಬಸ್ಸಿನ ಕಂಡಕ್ಟರನ ಕೈಗಿತ್ತರೆ ಅಂದಿನ ಕೆಲಸ ಮುಗಿಯಿತು. ಹುಣಸೂರಿನ ಕಡೆಯ ಹೊಗೆಸೊಪ್ಪಿನ ಬೆಳೆಗಾರರೊಬ್ಬರ ಮಗಳು ಲಲಿತ, ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದವಳು, ಹೆಣ್ಣು ನೋಡಲು ಹೋದಾಗಲೇ ನನಗೆ ಹಿಡಿಸಿಬಿಟ್ಟಿದ್ದಳು. ಅವಳ ತಂದೆಗೆ ಮಾತ್ರ ಒಂದು ಅನುಮಾನ. "ಪೇಪರ್ನೋರು ಸುಳ್ಳು ಬರೀತಾರಂತೆ ಕಣ್ರೀ, ಅಂಥೋರಿಗೆ ಎಣ್ಣು ಕೊಡೋದೆಂಗೆ?" ಎಂದು ನನ್ನೆದುರೇ ಅಂದುಬಿಟ್ಟರು.

ಮಹಾಜಾಣನಾದ ನಾನು, ನನ್ನ ಕಸುಬಿನ ಘನತೆಯನ್ನು ಕಣ್ಣಾರೆ ನೋಡಲಿ ಎಂದು, ಪತ್ರಿಕೆಯವರ ಕತೆಯಂತೆ ಎಂಬ ಒಂದೇ ಮಾತು ನಂಬಿ, ಮೈಸೂರಿನಲ್ಲಿ ಆ ಇಂಗ್ಲಿಷ್ ಸಿನಿಮಾದ ಭಾನುವಾರದ ಬೆಳಗಿನ ಆಟಕ್ಕೆ ಅಪ್ಪ ಮಗಳಿಬ್ಬರನ್ನೂ ಕರೆದುಕೊಂಡು ಹೋದೆ.

ಅಯ್ಯೋ ಶಿವನೇ! ಪರದೆಯ ತುಂಬ ಇಸ್ಪೀಟು, ಹೊಗೆ, ಬೈಗುಳ. ಸುದ್ದಿಗಾರರೆಲ್ಲ ಫೋನು ಹಿಡಿದು ಹಸೀ ಸುಳ್ಳು ಊದುತ್ತಿದ್ದಾರೆ. ನೇಣಿಗೆ ಹೋಗಬೇಕಾದ ಕೈದಿ ತಪ್ಪಿಸಿಕೊಂಡು ಬಂದರೆ, ಸುದ್ದಿ ತಮಗೊಬ್ಬರಿಗೇ ದಕ್ಕಲೆಂದು ಅವನನ್ನು ಮುಚ್ಚಳವಿರುವ ದೊಡ್ಡ ಮೇಜಿನೊಳಗೆ ತುರುಕುತ್ತಾರೆ. ಮದುವೆಗೆಂದು ರೈಲು ಹತ್ತಬೇಕಾದ ಹೀರೋ, ಹುಡುಗಿಯನ್ನು ಕಾಯಿಸಿ, ಟೈಪ್‌ರೈಟರ್ ಕುಟ್ಟುತ್ತ ಕೂತಿದ್ದಾನೆ. "ಏನಂತಾವ್ರೆ?" ಎಂದು ನನಗೂ ಲಲಿತಳಿಗೂ ನಡುವೆ ಕೂತಿದ್ದ ಅವಳ ತಂದೆ ನನ್ನತ್ತ ಕಿವಿ ಒಡ್ಡಿದರು. ಬಡವರ ಕಷ್ಟವನ್ನು ಸರ್ಕಾರಕ್ಕೆ ತಿಳಿಸ್ತಿದ್ದಾರೆ ಎಂದೆ. ಇಸ್ಪೀಟು? ಚೀಟಿ ಎತ್ತಿ ಕೆಲಸ ಹಂಚಿಕೊಳ್ತಾರೆ. ಮೇಜಿನೊಳಗಿದ್ದವನು? ಪಾಪ, ನಿರಪರಾಧಿ, ಆಶ್ರಯ ಕೊಟ್ಟಿದ್ದಾರೆ. ಕಾಯುತ್ತಿದ್ದ ಹುಡುಗಿಯ ಸುದ್ದಿಯನ್ನೇ ಎತ್ತಲಿಲ್ಲ. ಆಚೆ ಬದಿಯಿಂದ ಮಾತ್ರ, ನನ್ನ ಒಂದೊಂದು ಅನುವಾದಕ್ಕೂ, ಸೆರಗು ಬಾಯಿಗೊತ್ತಿಕೊಂಡ ಕೆಮ್ಮೊಂದು ಕೇಳುತ್ತಿತ್ತು. ಆಗ ಹೊಳೆಯಿತು ನೋಡಿ ನನ್ನ ಮಂಕುಬುದ್ಧಿಗೆ: ಲಲಿತಳಿಗೆ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತದೆ.

ರೂಪಾಂತರ ಮಾಡುವವನ ಪಾಡೇ ಇಷ್ಟು. ಪ್ರೀತಿ ಇದ್ದಲ್ಲಿ ಕತೆಯನ್ನು ಕೊಂಚ ತಿದ್ದುತ್ತಾನೆ, ಭಯವಿದ್ದಲ್ಲಿ ಇನ್ನಷ್ಟು ತಿದ್ದುತ್ತಾನೆ. ನನಗೆ ಎರಡೂ ಇದ್ದವು. ಸುಳ್ಳುಗಾರನಲ್ಲ ಎಂದು ತೋರಿಸಲು ಹೋಗಿ, ಆಟ ಮುಗಿಯುವವರೆಗೂ ಬರೀ ಸುಳ್ಳನ್ನೇ ಹೇಳಿದ್ದೆ.

ಆಮೇಲೆ ಹೋಟೆಲಿನಲ್ಲಿ ದೋಸೆ ಬಂತು. ನಾನು ನನ್ನದನ್ನು ಚೂರು ಚೂರು ಮಾಡುತ್ತ ಕೂತೆ. ಆತ ಮಾತ್ರ ಚೊಕ್ಕವಾಗಿ ತಿಂದು, ಕೈ ಒರೆಸಿಕೊಂಡು, ಮಗಳ ಕಡೆ ತಿರುಗಿದರು.

"ಅಲ್ಲಾ ಕಣವ್ವ, ನೀನು ಓದ್ದೋಳು. ಇವ್ರು ನಂಗೆ ಯೇಳಿದ್ದೆಲ್ಲ ದಿಟವಾ?"

ಲಲಿತ ಒಂದು ಗುಟುಕು ನೀರು ಕುಡಿದಳು. ಅಷ್ಟರಲ್ಲಿ ನಾನು ಮುಳುಗೇ ಹೋದೆ ಅಂದುಕೊಂಡೆ.

"ದಿಟವೇ ಕಣಪ್ಪ. ಒಂದು ಮಾತ್ರ ಯೇಳದೆ ಬುಟ್ರು. ಅವ್ನು ಆ ಹುಡುಗೀನ ಸುಮ್ಸುಮ್ನೆ ಕಾಯಿಸ್ದ." ಹಾಗೆಂದವಳೇ ಮೊದಲ ಸಲ ನೇರವಾಗಿ ನನ್ನನ್ನು ನೋಡಿ, "ನೀವು ಅದೊಂದು ಮಾಡ್ಬ್ಯಾಡಿ" ಎಂದಳು.

ಅಬ್ಬಾ! ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ನೀರೇ ಬಂತು. ಚಟ್ನಿ ಖಾರ ಎಂದೆ, ಅದೂ ಸುಳ್ಳೇ. ಆತ ಮಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಮೀಸೆಯಡಿಯಲ್ಲೇ ನಕ್ಕು, ಸಪ್ಲೈಯರನನ್ನು ಹೋಟೆಲೆಲ್ಲ ತಿರುಗಿ ನೋಡುವಂತೆ ಕೂಗಿದರು:

"ನಮ್ಮಳಿಯಂದ್ರಿಗೆ ಒಂದು ಜಾಮೂನು ತತ್ತಾರಪ್ಪ!"