ಟೋನ್ ಇಲ್ಲದ ಮಧ್ಯಾಹ್ನಗಳು

ಕಂಪ್ಯೂಟರಿನ ಡಬ್ಬಿ ಬಿಚ್ಚುವ ಮೊದಲು ಸರೋಜಾ ನಮ್ಮ ಪಡಸಾಲೆಯ ಕಿಟಕಿಯ ಕಬ್ಬಿಣದ ಸರಳನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಮೊದಲ ದಿನ ಅದನ್ನು ನೋಡಿದ ನಮ್ಮ ಅತ್ತೆ, "ದೇವರ ಮನಿ ಈ ಕಡೆ ಐತೆವಾ" ಎಂದು ಕೈ ತೋರಿಸಿದರು.

"ದೇವರಿಗೆ ಅಲ್ರಿ ಅವ್ವಾರ," ಎಂದಳು ಸರೋಜಾ, ಕಣ್ಣು ತೆರೆಯದೆಯೇ. "ಮೈಯಾಗ ಸಣ್ಣ ಕರೆಂಟ್ ಕುಂತಿರತೈತಿ. ಅದನ್ನ ಇಲ್ಲೇ ಇಳಿಸಿ ಒಳಗ ಕೈ ಹಾಕಬೇಕು. ಇಲ್ಲಂದ್ರ ಕಾರ್ಡು ಸುಮ್ಮ ಸಾಯ್ತಾವು. ಯಾಕ ಸತ್ತವು ಅನ್ನೂದೂ ಗೊತ್ತಾಗೂದಿಲ್ಲ."

ಗದಗ-ಬೆಟಗೇರಿಯ ಮನೆಗಳಿಗೆ ಆಗಷ್ಟೇ ಕಂಪ್ಯೂಟರು ಬರತೊಡಗಿತ್ತು. ನಮ್ಮ ಮನೆಯವರು ಹತ್ತಿ, ಮೆಣಸಿನಕಾಯಿಯ ದಲಾಲಿ ಅಂಗಡಿ ನಡೆಸುವವರು. ದೂರದ ಮಾರುಕಟ್ಟೆಗಳ ಧಾರಣೆಯನ್ನು ಮನೆಯಲ್ಲೇ ಕೂತು ನೋಡಬಹುದು ಎಂದು ಯಾರೋ ಹೇಳಿದ ಮಾತಿಗೆ ಒಂದು ಕಂಪ್ಯೂಟರು ತಂದು ಪಡಸಾಲೆಯ ಮೂಲೆಗೆ ಇಟ್ಟರು. ಅತ್ತೆ ಅದಕ್ಕೆ ಹಳೆಯ ರೇಷ್ಮೆ ಸೀರೆಯ ತುಂಡಿನಿಂದ ಮುಸುಕು ಹೊಲಿದರು. ಪೂಜೆಯೂ ಆಯಿತು. ಆದರೆ ಇಂಟರ್ನೆಟ್ಟು ಮಾತ್ರ ಹತ್ತಲಿಲ್ಲ. ಟೆಲಿಫೋನ್ ತಂತಿಯನ್ನು ಕಂಪ್ಯೂಟರಿಗೆ ಜೋಡಿಸುವ ಮೋಡೆಮ್ ಎಂಬ ಕಾರ್ಡು ಡಬ್ಬಿಯೊಳಗೆ ಇದ್ದೂ ಇಲ್ಲದಂತಿತ್ತು. ಮಾರಿದವರು ಕಳಿಸಿಕೊಟ್ಟದ್ದು ಸರೋಜಾಳನ್ನು.

ಅವಳು ಶಿಗ್ಲಿಯವಳು. ದಿನವೂ ಬೆಳಿಗ್ಗೆ ಲಕ್ಷ್ಮೇಶ್ವರಕ್ಕೆ ಬಂದು ಅಲ್ಲಿಂದ ಗದಗಿನ ಬಸ್ಸು ಹಿಡಿಯುತ್ತಿದ್ದಳು. ಗದಗಿನಲ್ಲಿ ಅವಳದೊಂದು ಸಣ್ಣ ರಿಪೇರಿ ಅಂಗಡಿ ಇತ್ತು. ಪಾಲಿಟೆಕ್ನಿಕ್ಕು ಓದಿದ್ದಳು, ಮದುವೆಯಾಗಿರಲಿಲ್ಲ, ನನ್ನದೇ ವಯಸ್ಸು. ಸೆರಗನ್ನು ಸೊಂಟಕ್ಕೆ ಬಿಗಿದು ನೆಲದ ಮೇಲೆ ಮಂಡಿಗಾಲೂರಿ ಕೂತರೆ ಕರೆದರೂ ಕೇಳಿಸದು. ಅಣ್ಣನ ಹೆಂಡತಿಯನ್ನು ಕರೆದ ಹಾಗೆ ನನ್ನನ್ನು ವೈನಿ ಎನ್ನುತ್ತಿದ್ದಳು. ಚಹಾ ಆರಿದ ಮೇಲೆಯೇ ಕುಡಿಯುತ್ತಿದ್ದಳು, ಅದೂ ಒಂದೇ ಗುಟುಕಿಗೆ, ಔಷಧಿ ಕುಡಿದ ಹಾಗೆ. ಲೈನು ಹತ್ತುವಾಗ ಮೋಡೆಮ್ಮು ಮಾಡುವ ಕೀರಲು ಸದ್ದನ್ನು ಗಂಟಲಿನಲ್ಲಿ ಹುಬೇಹೂಬ ತೆಗೆಯುತ್ತಿದ್ದಳು. ಒಮ್ಮೆ ತೆಗೆದಾಗ ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ಹೋಯಿತು, ನಾವಿಬ್ಬರೂ ನಕ್ಕೆವು.

ಕಾರ್ಡುಗಳ ಬಗ್ಗೆ ಅವಳು ಮಾತಾಡುತ್ತಿದ್ದುದು ಕೂಡುಕುಟುಂಬದ ಸೊಸೆಯರ ಬಗ್ಗೆ ಮಾತಾಡುವ ಹಾಗೆ. "ನೋಡ್ರಿ ವೈನಿ, ಹಾಡು ಕೇಳಸೂ ಕಾರ್ಡು, ಈ ಮೋಡೆಮ್ಮು, ಎರಡೂ ಒಂದ ಬಾಗಲಾ ಬಡಿಯಾಕತ್ತಾವು. ಒಳಗಿನವರು ಯಾರಿಗೆ ಓ ಅನಬೇಕು? ಹಂಗಾಗಿ ಯಾರಿಗೂ ಓ ಅನ್ನವಲ್ಲರು." ಎರಡನ್ನೂ ಕಿತ್ತು, ಹಿತ್ತಾಳೆ ಬಣ್ಣದ ಅಂಚನ್ನು ಶಾಲೆಯ ರಬ್ಬರಿನಿಂದ ತಿಕ್ಕಿ, ಮೋಡೆಮ್ಮನ್ನು ಕೊನೆಯ ಸಾಲಿಗೆ ಸರಿಸಿ ಕೂಡಿಸಿದಳು. ಕಂಪ್ಯೂಟರು ಅದನ್ನು ಗುರುತಿಸಿತು. ಸಂಜೆ ನಮ್ಮವರು ಧಾರಣೆ ನೋಡಿ ಖುಷಿಪಟ್ಟರು. ಕೆಲಸ ಮುಗಿಯಿತು ಎಂದುಕೊಂಡೆವು.

ಮರುದಿನ ಮಧ್ಯಾಹ್ನ ನಾನು ಹಚ್ಚಿದಾಗ ಪರದೆಯ ಮೇಲೆ ಡಯಲ್ ಟೋನ್ ಇಲ್ಲ ಎಂಬ ಸಂದೇಶ ಬಂತು. ಫೋನೆತ್ತಿ ನೋಡಿದರೆ ಟೋನ್ ಚೆನ್ನಾಗಿಯೇ ಇತ್ತು. ಸಂಜೆ ನಮ್ಮವರು ಬಂದು ಹಚ್ಚಿದರು, ತಕ್ಷಣ ಹತ್ತಿತು. "ನಿನಗ ಹಚ್ಚಾಕ ಬಂದಿಲ್ಲ ಬಿಡು" ಎಂದರು. ಆದರೆ ಪ್ರತಿ ಮಧ್ಯಾಹ್ನವೂ ಹಾಗೆಯೇ. ಊಟ ಮುಗಿದು, ಓಣಿಯ ಮಗ್ಗಗಳ ಸದ್ದೂ ನಿಂತು, ಅತ್ತೆ ಮಲಗಿದ ಹೊತ್ತಿಗೆ ಆ ಕಾರ್ಡಿಗೆ ಟೋನ್ ಕೇಳುತ್ತಿರಲಿಲ್ಲ. ನಾನು ಮತ್ತೆ ಸರೋಜಾಳಿಗೆ ಹೇಳಿಕಳಿಸಿದೆ.

ಅವಳು ಬಂದು, ತಂತಿ ಬದಲಿಸಿ, ಸಿಡಿ ಹಾಕಿ ಎಲ್ಲವನ್ನೂ ಹೊಸದಾಗಿ ತುಂಬಿದಳು. ಏನೂ ಆಗಲಿಲ್ಲ. ಕೊನೆಗೆ ಮೋಡೆಮ್ಮಿನ ಸ್ಪೀಕರಿನ ದನಿಯನ್ನು ಪೂರ್ತಿ ಏರಿಸಿದಳು. "ಇದಕ್ಕ ಏನು ಕೇಳಸಾಕತ್ತೈತಿ ಅನ್ನೂದನ್ನ ನಾವೂ ಕೇಳೂಣು" ಎಂದು ಗುಂಡಿ ಒತ್ತಿದಳು.

ಕ್ಲಿಕ್ ಎಂದಿತು. ಟೋನ್ ಬರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಏನೂ ಇರಲಿಲ್ಲ ಎಂದರೂ ತಪ್ಪು. ಅಲ್ಲಿ ಒಂದು ಕೋಣೆ ಇತ್ತು. ಪಂಖಾ ತಿರುಗುತ್ತಿತ್ತು. ಯಾರೋ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಆಮೇಲೆ ಒಬ್ಬ ಹೆಂಗಸಿನ ದನಿ, ಸ್ವಲ್ಪ ದಣಿದದ್ದು, "ನಂಬರ್ ಹೇಳ್ರಿ" ಎಂದಿತು.

ಮೋಡೆಮ್ಮು ಒಂದಿಷ್ಟು ಹೊತ್ತು ಕಾದು ಕೈಬಿಟ್ಟಿತು. ಪರದೆಯ ಮೇಲೆ ಅದೇ ಸಂದೇಶ.

ಬೇರೆಯವರ ಮಾತು ನಮ್ಮ ಫೋನಿಗೆ ಬೀಳುವುದು ಆಗ ಹೊಸತೇನಲ್ಲ. ನಾನು ನಕ್ಕು ಸರೋಜಾಳ ಕಡೆ ನೋಡಿದೆ. ಅವಳು ಸ್ಪೀಕರಿಗೆ ಕಿವಿ ಹಚ್ಚಿದ್ದಳು. ಮತ್ತೊಮ್ಮೆ ಗುಂಡಿ ಒತ್ತಿದಳು. ಮತ್ತೆ ಪಂಖಾ, ಕುರ್ಚಿ, "ನಂಬರ್ ಹೇಳ್ರಿ." ಅವಳು ನೀರು ಕೇಳಿದಳು. ತಂದುಕೊಟ್ಟ ತಂಬಿಗೆಯನ್ನು ಕೈಯಲ್ಲೇ ಹಿಡಿದು ಕೂತಿದ್ದು, ಕುಡಿಯದೆ ಕೆಳಗಿಟ್ಟು ಹೊರಟುಬಿಟ್ಟಳು.

ಮರುದಿನ ಕರೆಯದೆಯೇ ಬಂದಳು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಹೇಳಿದಳು.

"ನಮ್ಮಕ್ಕನ ದನಿರಿ ಅದು."

ಅಕ್ಕನ ಹೆಸರು ಕಸ್ತೂರಿ. ಶಿರಹಟ್ಟಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ನಾವೇ ನಂಬರ್ ತಿರುಗಿಸುವ ಫೋನು ಆ ಕಡೆಗೆ ಇನ್ನೂ ಬಂದಿರಲಿಲ್ಲ. ಫೋನೆತ್ತಿದರೆ ಅವಳು ನಂಬರ್ ಕೇಳಿ ತನ್ನ ಮುಂದಿನ ಬೋರ್ಡಿನಲ್ಲಿ ತಂತಿ ಜೋಡಿಸಿಕೊಡಬೇಕಿತ್ತು. ಸರೋಜಾ ಶಾಲೆಗೆ ಹೋಗುತ್ತಿದ್ದಾಗ ಒಂದು ದಿನ ಕಸ್ತೂರಿ ಕೆಲಸಕ್ಕೆ ಹೋದವಳು ಮನೆಗೆ ಬರಲಿಲ್ಲ. ಡ್ಯೂಟಿ ಮುಗಿಸಿ ಎದ್ದದ್ದನ್ನು ಕಂಡವರಿದ್ದರು, ಆಮೇಲೆ ಕಂಡವರಿಲ್ಲ. ಬಾವಿಗಿಳಿದು ಹುಡುಕಿದರು. ಊರಿನವರು ಯಾವನ ಸಂಗಡವೋ ಓಡಿಹೋದಳು ಎಂದರು, ಅದು ಹಾಗೆಯೇ ಗಟ್ಟಿಯಾಯಿತು. ತಂದೆ ಅದೇ ಕೊರಗಿನಲ್ಲಿ ತೀರಿಕೊಂಡರು. ಅವ್ವ ಮಗಳ ಹೆಸರು ಎತ್ತುವುದನ್ನೇ ಬಿಟ್ಟಳು.

"ಎಲ್ಲೋ ಜೀವಂತ ಇರಬೇಕ್ರಿ," ಎಂದಳು ಸರೋಜಾ. "ಯಾವದೋ ಮಿಲ್ಲಿನಾಗೋ, ದವಾಖಾನಿಯಾಗೋ ಬೋರ್ಡಿನ ಮುಂದ ಕುಂತಿರಬೇಕು. ಆ ಲೈನು ನಿಮ್ಮ ಲೈನಿಗೆ ತಾಗಿರಬೇಕು. ಇದು ಲೈನಿನ ದೋಷ ಅಷ್ಟ. ಲೈನಿನ ದೋಷ ಹುಡುಕೂದು ನನಗ ಬರತೈತಿ."

ಹುಡುಕಿದಳು. ಲೈನ್‌ಮನ್ ಹನಮಂತಪ್ಪನನ್ನು ಕರೆತಂದು ಕಂಬದಿಂದ ಕಂಬಕ್ಕೆ ನೋಡಿಸಿದಳು. ಲೈನು ಶುದ್ಧವಾಗಿತ್ತು. ನಮ್ಮ ಕಾರ್ಡನ್ನು ತನ್ನ ಅಂಗಡಿಗೆ ಒಯ್ದು ಹಚ್ಚಿದಳು. ಅಲ್ಲಿ ಬರೀ ಟೋನ್ ಬಂತು. ಬೇರೆ ಕಾರ್ಡು ತಂದು ನಮ್ಮ ಲೈನಿಗೆ ಹಚ್ಚಿದಳು. ಅದಕ್ಕೂ ಟೋನ್ ಬಂತು. ಆ ಕಾರ್ಡು, ನಮ್ಮ ಮನೆ, ಮಧ್ಯಾಹ್ನ, ಈ ಮೂರೂ ಕೂಡಿದಾಗ ಮಾತ್ರ ಆ ಕೋಣೆ ತೆರೆಯುತ್ತಿತ್ತು. ಗದಗಿನಲ್ಲಿ, ಮುಂಡರಗಿಯಲ್ಲಿ ಯಾವ್ಯಾವ ಮಿಲ್ಲು, ದವಾಖಾನೆಯಲ್ಲಿ ಅಂಥ ಬೋರ್ಡು ಇತ್ತೋ ಅಲ್ಲೆಲ್ಲ ಹೋಗಿ ಆಪರೇಟರನ್ನು ನೋಡಿ ಬಂದಳು. ಶಿರಹಟ್ಟಿಗೂ ಹೋದಳು. ಹಳೆಯ ಬೋರ್ಡನ್ನು ಎಂದೋ ಕಿತ್ತುಹಾಕಿದ್ದರು. ಆ ಕೋಣೆಯಲ್ಲಿ ಈಗ ಹಗ್ಗ, ಮುರಿದ ಏಣಿ ಇದ್ದವಂತೆ.

"ಪಂಖಾನೂ ಇಲ್ರಿ ವೈನಿ," ಎಂದಳು ಬಂದು. "ಕೊಂಡಿ ಅಷ್ಟ ಐತಿ."

ಮೋಡೆಮ್ ಕಾರ್ಡಿನ ಬೆನ್ನಿಗೆ ಎರಡು ತೂತುಗಳಿದ್ದವು. ಒಂದಕ್ಕೆ ಲೈನು, ಇನ್ನೊಂದಕ್ಕೆ ಬೇಕಾದರೆ ಫೋನು ಸಿಗಿಸಬಹುದು. ಅಂದು ಸರೋಜಾ ನಮ್ಮ ಫೋನನ್ನು ಅಲ್ಲಿಗೆ ಸಿಗಿಸಿದಳು. ಗುಂಡಿ ಒತ್ತಿ, ಫೋನೆತ್ತಿ ಕಿವಿಗಿಟ್ಟುಕೊಂಡಳು. ನಾನು ಪಕ್ಕದಲ್ಲೇ ಇದ್ದೆ. ಸ್ಪೀಕರಿನಲ್ಲಿ ಎಲ್ಲವೂ ಕೇಳುತ್ತಿತ್ತು.

"ನಂಬರ್ ಹೇಳ್ರಿ."

"ಅಕ್ಕಾ, ನಾನು ಸರೂ."

ಪಂಖಾ ತಿರುಗಿತು.

"ಯಾವ ಊರು ಬೇಕ್ರಿ?"

"ಶಿಗ್ಲಿ," ಎಂದಳು ಸರೋಜಾ.

"ಶಿಗ್ಲಿ ಲೈನ್ ಕೆಟ್ಟೈತ್ರಿ. ಆಮ್ಯಾಲೆ ಹಚ್ಚರಿ."

ಸರೋಜಾ ಫೋನು ಇಟ್ಟು, ಅದರ ಮೇಲೆ ಅಂಗೈ ಒತ್ತಿ ಕೂತಳು. ಅಂದಿನಿಂದ ಅವಳು ಅಕ್ಕ ಎಲ್ಲಿದ್ದಾಳೆ ಎಂದು ಹುಡುಕುವುದನ್ನು ನಿಲ್ಲಿಸಿದಳು. ಆದರೆ ಬರುವುದನ್ನು ನಿಲ್ಲಿಸಲಿಲ್ಲ. ಅತ್ತೆ, "ಎಷ್ಟ ರಿಪೇರಿ ಮಾಡತಾಳವಾ ಈಕಿ" ಎಂದು ಗೊಣಗುತ್ತಿದ್ದರು. ಸರೋಜಾ ಡಬ್ಬಿಯ ಮುಂದೆ ಕೂತು ಗುಂಡಿ ಒತ್ತುವಳು. ಮಾತಾಡುತ್ತಿರಲಿಲ್ಲ. "ನಂಬರ್ ಹೇಳ್ರಿ" ಎಂಬುದನ್ನು ಕೇಳಿಸಿಕೊಂಡು, ಮೋಡೆಮ್ಮು ಕೈಬಿಟ್ಟ ಮೇಲೆ ಮತ್ತೆ ಒತ್ತುವಳು. ಅವಳ ಅಂಗಡಿ ಮುಚ್ಚಿಯೇ ಇರುತ್ತಿತ್ತು. ಅವಳು ಸೊರಗಿದಳು. ನಾನು ಒಬ್ಬಳೇ ಇದ್ದಾಗ ಆ ಗುಂಡಿಯನ್ನು ಒತ್ತುವ ಧೈರ್ಯ ನನಗಿರಲಿಲ್ಲ.

ನಮ್ಮವರಿಗೆ ಇದು ಯಾವುದೂ ಗೊತ್ತಿರಲಿಲ್ಲ. ಮಧ್ಯಾಹ್ನದ ಧಾರಣೆ ಸಿಗುವುದಿಲ್ಲವೆಂದು ಬೇಸತ್ತು ಅವರು ಹುಬ್ಬಳ್ಳಿಯಿಂದ ಹೊಸ ಮೋಡೆಮ್ ತಂದರು, ಡಬ್ಬಿಯ ಹೊರಗೆ ಇಡುವಂಥದ್ದು. "ನಾಳೆ ಸರೋಜಾ ಬಂದ್ರ ಆ ಹಾಳ ಕಾರ್ಡು ಕಿತ್ತು ಇದನ್ನ ಹಚ್ಚಾಕ ಹೇಳು" ಎಂದರು.

ಮರುದಿನ ಸರೋಜಾ ಆ ಪೆಟ್ಟಿಗೆಯನ್ನು ಎತ್ತಿ ತಿರುಗಿಸಿ ನೋಡಿದಳು. ನಾನೇ, "ಇನ್ನೂ ನಾಕು ದಿನ ತಡೀರಿ ಅಂತ ಅವರಿಗೆ ಹೇಳತೀನಿ" ಎಂದೆ.

"ಬ್ಯಾಡ್ರಿ ವೈನಿ. ನಾಕು ದಿನ ಅಂದ್ರ ನಲವತ್ತು ದಿನ ಆಕತಿ. ನಾ ಏನು ಕೇಳಬೇಕೋ ಅದನ್ನ ಇನ್ನೂ ಕೇಳೇ ಇಲ್ಲ. ಇವತ್ತು ಕೇಳತೀನಿ."

ಫೋನು ಸಿಗಿಸಿ ಕೂತಳು. ನಾನು ಪಡಸಾಲೆಯ ಬಾಗಿಲು ಮುಂದೆ ಮಾಡಿದೆ.

"ನಂಬರ್ ಹೇಳ್ರಿ."

"ನಂಬರ್ ಬ್ಯಾಡ್ರಿ ಬಾಯಾರ," ಎಂದಳು ಸರೋಜಾ, ಗುರುತಿಲ್ಲದವರ ಜೊತೆ ಮಾತಾಡುವ ಹಾಗೆ. "ನಿಮ್ಮಲ್ಲಿ ಕಸ್ತೂರಿ ಅಂತ ಒಬ್ಬಾಕಿ ಕೆಲಸ ಮಾಡತಿದ್ದಳು. ಶಿಗ್ಲಿಯಾಕಿ. ಇದ್ದಾಳೇನ್ರಿ?"

ಬಹಳ ಹೊತ್ತು ಪಂಖಾದ ಸದ್ದು ಮಾತ್ರ ಕೇಳುತ್ತಿತ್ತು. ಮೋಡೆಮ್ಮು ಎಂದಿನಂತೆ ಕೈಬಿಡಬೇಕಾಗಿತ್ತು. ಬಿಡಲಿಲ್ಲ.

"ಇಲ್ರಿ. ಆಕಿ ಡ್ಯೂಟಿ ಮುಗಿಸಿ ಹೋದಳು."

"ಎಲ್ಲಿಗೆ ಹೋದಳ್ರಿ?"

"ಮನಿಗೆ ಹೋಗತೀನಿ ಅಂತ ಹೇಳಿದಳ್ರಿ. ಅವ್ವ ದಾರಿ ನೋಡತಿರತಾಳ ಅಂದಳು. ಬಸ್ ಹಿಡದಳು."

ಅಷ್ಟಾದ ಮೇಲೆ ಕ್ಲಿಕ್ ಎಂದಿತು.

ಸರೋಜಾ ಅಳುತ್ತಾಳೆಂದು ಅಂದುಕೊಂಡಿದ್ದೆ. ಅಳಲಿಲ್ಲ. "ಕೇಳಿದಿರೇನ್ರಿ ವೈನಿ? ಮನಿಗೇ ಹೊಂಟಿದ್ದಳು. ಯಾವನ ಸಂಗಡಾನೂ ಅಲ್ಲ, ಮನಿಗೆ" ಎಂದಳು. ಸ್ಕ್ರೂಡ್ರೈವರ್ ತೆಗೆದು, ತನ್ನ ಕೈಯಾರೆ ಆ ಕಾರ್ಡನ್ನು ಕಿತ್ತು ಮೇಜಿನ ಮೇಲಿಟ್ಟಳು. ಹೊಸ ಮೋಡೆಮ್ ಹಚ್ಚಿದಳು. ಟೋನ್ ಬಂತು, ಕೀರಲು ಸದ್ದು ಬಂತು, ಇಂಟರ್ನೆಟ್ಟು ಹತ್ತಿತು. ಅವಳು ಅವಸರದಲ್ಲಿ ಚಪ್ಪಲಿ ಮೆಟ್ಟಿದಳು. ಅವ್ವನಿಗೆ ಹೇಳಬೇಕಿತ್ತು.

ಮರುದಿನ ಬೆಳಿಗ್ಗೆಯೇ ಬಾಗಿಲು ಬಡಿದಳು. ಒಳಗೆ ಬರುತ್ತಲೇ, "ಆ ಕಾರ್ಡು ಎಲ್ಲೈತ್ರಿ?" ಎಂದಳು.

"ಯಾಕ, ಏನಾತು?"

"ಅವ್ವಗ ಹೇಳಿದೆ. ಇಷ್ಟು ವರ್ಷಕ್ಕ ಮೊದಲನೇ ಸಲ ಆಕಿ ಬಾಯಾಗ ಕಸ್ತೂರಿ ಅನ್ನೂ ಹೆಸರು ಬಂತು. ಆಮ್ಯಾಲೆ, ಯಾವ ಬಸ್ ಹಿಡದಳಂತ ಅಂದಳು. ನಾ ಕೇಳಿಲ್ರಿ ವೈನಿ. ಯಾವ ಬಸ್ ಅಂತ ಕೇಳೇ ಇಲ್ಲ."

ಕಾರ್ಡನ್ನು ಅದೇ ಸಾಲಿಗೆ ಕೂಡಿಸಿ, ಅದೇ ಸ್ಕ್ರೂ ಬಿಗಿದು, ಅದೇ ತಂತಿ ಸಿಗಿಸಿ ಮಧ್ಯಾಹ್ನದವರೆಗೆ ಕಾದಳು. ಗುಂಡಿ ಒತ್ತಿದಾಗ ಟೋನ್ ಬಂತು. ಗಟ್ಟಿಯಾದ, ಏರಿಳಿತವಿಲ್ಲದ ಟೋನ್. ಎಷ್ಟು ಸಲ ಒತ್ತಿದರೂ ಅದೇ. ದಿನಗಟ್ಟಲೆ ಬಂದು ಒತ್ತಿದಳು. ಕಾರ್ಡು ಸರಿಯಾಗಿಬಿಟ್ಟಿತ್ತು.

ಕ್ರಮೇಣ ಅವಳು ಬರುವುದು ಕಡಿಮೆಯಾಯಿತು. ಗದಗಿನ ಅಂಗಡಿ ಮುಚ್ಚಿ ಊರಲ್ಲೇ ಸಣ್ಣಪುಟ್ಟ ರಿಪೇರಿ ಮಾಡಿಕೊಂಡಿದ್ದಾಳೆಂದು ಕೇಳಿದೆ. ಆ ಮೋಡೆಮ್ಮೂ ಹೋಗಿ, ತಂತಿಯ ಫೋನೂ ಹೋಗಿ, ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಒಂದು ಮದುವೆಗೆಂದು ಶಿಗ್ಲಿಗೆ ಹೋದವಳು ಅವಳ ಮನೆ ವಿಚಾರಿಸಿಕೊಂಡು ಹೋದೆ. ರಸ್ತೆಗೆ ಹತ್ತಿದ ಮನೆ. ಹಗಲಿನ ಧೂಳೆಲ್ಲ ಒಳಗೆ ಬರುತ್ತಿದ್ದರೂ ಬಾಗಿಲಿನ ಎರಡೂ ಕದಗಳು ಗೋಡೆಗೆ ತಾಗುವಷ್ಟು ತೆರೆದಿದ್ದವು. ಕೀಲಿನ ಸುತ್ತ ಜೇಡ ಬಲೆ ಕಟ್ಟಿತ್ತು.

ಸರೋಜಾಳ ಕೂದಲು ನೆರೆತಿತ್ತು. ಅವ್ವ ತೀರಿಹೋಗಿ ಎರಡು ಮಳೆಗಾಲ ಆಯಿತು ಎಂದಳು. ಮಗಳು ಮನೆಗೆ ಹೊರಟಿದ್ದಾಳೆ ಎಂದು ಕೇಳಿದ ರಾತ್ರಿಯಿಂದ ಅವ್ವ ಬಾಗಿಲು ಹಾಕಲು ಬಿಡಲಿಲ್ಲವಂತೆ. ಮಳೆ ಬರಲಿ, ಕಳ್ಳರ ಸುದ್ದಿ ಇರಲಿ, ಬಿಡಲಿಲ್ಲ.

"ಈಗ ಹಾಕಬಹುದಿತ್ತಲ್ಲ," ಎಂದೆ.

ಅವಳು ನನ್ನನ್ನು ನೋಡಿ, ತಿಳಿಯದವರಿಗೆ ಹೇಳುವ ತಾಳ್ಮೆಯಿಂದ ಹೇಳಿದಳು: "ಹೊಂಟಾಳ ಅಂದ ಮ್ಯಾಲ ಹೆಂಗ ಹಾಕೂದ್ರಿ ವೈನಿ?"

ಹೊರಗೆ ಲಕ್ಷ್ಮೇಶ್ವರದ ಕಡೆಯಿಂದ ಬಸ್ಸು ಬರುವ ಸದ್ದಾಯಿತು. ಸರೋಜಾ ಮಾತು ನಿಲ್ಲಿಸಿ ತಲೆ ವಾಲಿಸಿದಳು. ಬಸ್ಸು ಮೆಲ್ಲಗಾಯಿತು, ನಿಂತಿತು, ಯಾರೋ ಇಳಿದರು. ಬಸ್ಸು ಹೋಯಿತು. ನಾವಿಬ್ಬರೂ ಬಾಗಿಲ ಕಡೆ ನೋಡುತ್ತ ಕೂತೆವು. ಇಳಿದವರ ಹೆಜ್ಜೆಯ ಸದ್ದು ಹತ್ತಿರವಾಗಿ, ಮನೆಯ ಮುಂದೆ ಒಂದು ಗಳಿಗೆ ತಡೆದು, ಮುಂದಕ್ಕೆ ಹೋಯಿತು. ಹೆಜ್ಜೆ ಕೇಳಿದರೂ ತೆರೆದ ಬಾಗಿಲಿನ ಮುಂದೆ ಯಾರೂ ಹಾದುಹೋದದ್ದು ನನಗೆ ಕಾಣಲಿಲ್ಲ. ನಿನಗೆ ಕಂಡಿತೇ ಎಂದು ಅವಳನ್ನು ಕೇಳಲೂ ಇಲ್ಲ. ಅದೇ ಅವಳನ್ನು ಕಡೆಯ ಸಲ ನೋಡಿದ್ದು.